ಚಿಲಕ ಹಾಕುವ ಪಕ್ಷ

1999ರಲ್ಲಿ ನಾನು ಸ್ಯಾನ್ ಹೋಸೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಕಲಿಸುತ್ತಿದ್ದೆ. ಅಲ್ಲಿ ಎರಡು ವರ್ಷ ಓದಿ ಒಳ್ಳೆಯ ಗ್ರೇಡು ಪಡೆದವರು ವಿಶ್ವವಿದ್ಯಾಲಯಕ್ಕೆ ಹೋಗಬಹುದಿತ್ತು. ಇಂಟರ್ನೆಟ್ಟು ಮನುಷ್ಯರ ನಡುವಿನ ಗೋಡೆಗಳನ್ನೆಲ್ಲ ಕೆಡವುತ್ತದೆ, ಮುಂದೆ ಸರ್ಕಾರಗಳೇ ಬೇಕಾಗುವುದಿಲ್ಲ ಎಂದು ನನ್ನ ವಿದ್ಯಾರ್ಥಿಗಳು ನಂಬಿದ್ದ ಕಾಲವದು. ಕಾಲೇಜು ದಿನಗಳ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನೂ ಬಹುಮಟ್ಟಿಗೆ ಹಾಗೆಯೇ ನಂಬಿದ್ದೆ.

ರೆನೆಸಾನ್ಸ್ ಪಾಠ ಮುಗಿದಾಗ ಒಂದು ಚರ್ಚೆ ನಡೆಸುವುದು ನನ್ನ ಪದ್ಧತಿ. ಆ ಯುಗದ ಹ್ಯೂಮನಿಸ್ಟರು, ಅಂದರೆ ಮಾನವತಾವಾದಿ ಪಂಡಿತರು, ಒಂದೇ ಪ್ರಶ್ನೆಯ ಎರಡೂ ಪಕ್ಷಗಳನ್ನು ವಾದಿಸಲು ಶಿಷ್ಯರಿಗೆ ಕಲಿಸುತ್ತಿದ್ದರು. ಮನುಷ್ಯ ತನ್ನನ್ನು ತಾನೇ ರೂಪಿಸಿಕೊಳ್ಳಬಲ್ಲ ಎಂಬುದು ಅವರ ಭರವಸೆ. ಇಟಲಿಯ ನಗರಗಳು ಸೂರೆಹೋದದ್ದನ್ನು ಕಂಡ ಕೆಲವರು ಮಾತ್ರ ಮುಂದೆ, ಮನುಷ್ಯನನ್ನು ಹದ್ದುಬಸ್ತಿನಲ್ಲಿಡುವುದು ಭಯವೊಂದೇ ಎಂದರು. ಯಾರಿಗೆ ಯಾವ ಪಕ್ಷ ಎಂಬುದನ್ನು ನಾನು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದೆ. ಅದಲುಬದಲಿಗೆ ಅವಕಾಶವಿಲ್ಲ, ಮಾತಾಡದಿದ್ದರೆ ಫೇಲು.

ಆ ಸಲ ಭಯದ ಪಕ್ಷ ನಸೀಮಾ ಎಂಬ ವಿದ್ಯಾರ್ಥಿನಿಯ ಪಾಲಿಗೆ ಬಂತು. ಹುಬ್ಬಳ್ಳಿಯವರು, ಎವರ್‌ಗ್ರೀನ್ ಬಡಾವಣೆಯ ತಮ್ಮ ಮನೆಯಲ್ಲಿ ಮಕ್ಕಳ ಡೇಕೇರ್ ನಡೆಸುತ್ತ, ಶಾಲಾಶಿಕ್ಷಕಿಯಾಗುವ ಆಸೆಯಿಂದ ಮತ್ತೆ ಓದಲು ಬಂದಿದ್ದರು. ಈ ಕೋರ್ಸು ಪಾಸಾಗದಿದ್ದರೆ ಆ ವರ್ಷ ವಿಶ್ವವಿದ್ಯಾಲಯ ಸೇರುವಂತಿರಲಿಲ್ಲ. ಮರುದಿನ ನನ್ನ ಆಫೀಸಿಗೆ ಬಂದವರು ಕೂರಲೂ ಇಲ್ಲ.

“ಕೋರ್ಸ್ ಬಿಡ್ತೀನ್ರಿ ಸರ. ಮನುಷ್ಯಾ ಹುಟ್ಟಾ ಕೆಟ್ಟಾಂವ ಅಂತ ನಾ ಹೇಳಂಗಿಲ್ಲ. ದಿನಾ ಸಣ್ಣ ಕೂಸುಗಳನ್ನ ಎತ್ತಿ ಆಡಸಾಕಿ ನಾ.”

“ನೀವು ನಂಬಬೇಕಾಗಿಲ್ಲ ನಸೀಮಾ. ಹಾಗೆ ನಂಬೋರು ಯಾರಾದ್ರೂ ನಿಮಗೆ ಗೊತ್ತಾ?”

ಅವರು ನಕ್ಕುಬಿಟ್ಟರು. “ಮನ್ಯಾಗ ಅದಾರಲ್ರೀ, ನಮ್ಮ ಅತ್ತಿ! ಹಾಡಹಗಲ ಚಿಲಕಾ ಹಾಕ್ತಾರ. ಪೋಸ್ಟ್‌ಮನ್‌ಗೂ ಕಿಟಕ್ಯಾಗಿಂದ ಜಬರಸ್ತಾರ!”

“ಯಾಕೆ ಅಂತ ಅವರನ್ನ ಕೇಳಿದ್ದೀರಾ?”

ನಸೀಮಾ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟರು. ಕೋರ್ಸು ಮಾತ್ರ ಬಿಡಲಿಲ್ಲ.

ಚರ್ಚೆಯ ದಿನ ಎದುರು ಪಕ್ಷದಲ್ಲಿದ್ದವನು ಮೈಸೂರಿನ ಎಂಜಿನಿಯರ್ ರಘು. ಮನುಷ್ಯನ ಘನತೆಯ ಬಗ್ಗೆ ಸೊಗಸಾಗಿ ಮಾತಾಡಿದ. ಆಮೇಲೆ ನಸೀಮಾ ಎದ್ದುನಿಂತು, ತಡವರಿಸುವ ಇಂಗ್ಲಿಷಿನಲ್ಲಿ, ಅತ್ತೆಯನ್ನೇ ಕೇಳಿ ತಿಳಿದ ಅವರ ಕಥೆ ಹೇಳಿದರು. ಊರಲ್ಲಿ ಒಮ್ಮೆ ಗಲಭೆಯಾದಾಗ ಅವರ ಬಟ್ಟೆ ಅಂಗಡಿಗೆ ನುಗ್ಗಿದವರು ಅಪರಿಚಿತರಲ್ಲ. ಪ್ರತಿ ಹಬ್ಬಕ್ಕೂ ಅಲ್ಲೇ ಬಟ್ಟೆ ಕೊಳ್ಳುತ್ತಿದ್ದವರು. ಮರುವಾರ ಪೊಲೀಸ್ ಪಹರೆ ಬಂದಾಗ ಅದೇ ಜನ ಮತ್ತೆ ನಮಸ್ಕಾರ ಹೇಳತೊಡಗಿದರಂತೆ. “ಒಳ್ಳೆಯತನ ಎಲ್ಲಿಗೂ ಹೋಗಿರಲಿಲ್ಲ. ಆದರೆ ಅದು ಕಾವಲುಗಾರನಿಗಾಗಿ ಕಾಯುತ್ತಿತ್ತು” ಎಂದು ಹೇಳಿ ಕುಳಿತರು.

ರಘು ತನ್ನ ಟಿಪ್ಪಣಿಗಳನ್ನು ಮಡಚಿಟ್ಟ. “ಅಕ್ಕಾ, ಈ ಪಾಯಿಂಟ್ ನಿಮ್ದೇ.”

ತರಗತಿ ಕೈಯೆತ್ತಿ ನಸೀಮಾರ ಪಕ್ಷವನ್ನು ಗೆಲ್ಲಿಸಿತು. ರಘುವಿನ ಪಕ್ಷಕ್ಕೆ ಎತ್ತಿದ ಕೆಲವೇ ಕೈಗಳಲ್ಲಿ ಒಂದು ನಸೀಮಾ ಅವರದು!

ಕಾರಿಡಾರಿನಲ್ಲಿ ಅವರನ್ನು ತಡೆದು, ಹೀಗೇಕೆ ಎಂದು ಕೇಳಿದೆ. “ವಾದಾ ಅತ್ತೀದು, ಗೆದ್ದತು. ವೋಟು ನಂದ್ರೀ ಸರ” ಎಂದರು. ಹೊರಡುವ ಮೊದಲು, “ಇಷ್ಟು ವರ್ಷ ಅವರು ಹಾಕಿದ ಚಿಲಕಾ ನಾ ಸಿಟ್ಟಿಲೆ ತಗೀತಿದ್ದೆ. ಈಗ ನಾನ ಹಾಕ್ತೀನಿ. ಮೊಣಕಾಲ್ ಬ್ಯಾನಿ ಅವರಿಗೆ, ಏಳೋದ್ ಬ್ಯಾಡ” ಎಂದರು.

ಅವರು ಪಾಸಾದರು, ವಿಶ್ವವಿದ್ಯಾಲಯ ಸೇರಿದರು. ಎದುರು ಪಕ್ಷವನ್ನು ಮಣಿಸುವುದಕ್ಕಾಗಿಯೇ ಅದನ್ನು ಅರಿಯಬೇಕು ಎಂದು ನಾನು ಅಲ್ಲಿಯವರೆಗೆ ಕಲಿಸುತ್ತಿದ್ದೆ. ಮನುಷ್ಯನಲ್ಲಿ ಭರವಸೆಯಿಟ್ಟು ಸಮಾಜವನ್ನು ತಿದ್ದಹೊರಟವನು, ಆ ಭರವಸೆ ಮುರಿದವರ ಬಾಗಿಲ ಚಿಲಕವನ್ನೂ ಗೌರವಿಸಬೇಕೆಂದು ನನಗೆ ಕಲಿಸಿದ್ದು ಆ ಸೊಸೆ.