ಖಾಲಿ ಜಾಗದಲ್ಲಿ ಹದಿನೇಳು ಬಗೆ

“ಕಾಲು ತೆಗೀರಿ.”

ಇದು ಪತ್ರಿಕೆಗೆ ಬರೆಯಲು ಬಂದ ನನಗೆ ಸಿಗುವ ಸ್ವಾಗತ. ಬೆಳಗಿನ ಐದೂಮುಕ್ಕಾಲು. ಇಬ್ಬನಿಗೆ ನನ್ನ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿದೆ. ಎದುರಿಗೆ ಐವತ್ತೈದು ದಾಟಿದ ಹೆಂಗಸೊಬ್ಬರು, ಹಳೇ ರಬ್ಬರ್ ಚಪ್ಪಲಿ ಕತ್ತರಿಸಿ ಮಂಡಿಗೆ ಕಟ್ಟಿಕೊಂಡು, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದ್ದಾರೆ. ಅವರ ಮುಂದೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಬ್ಬಿಣದ ಚೌಕಟ್ಟು. ಅದರೊಳಗೆ ಹುಲ್ಲು. ಅವರು ಅದನ್ನು ಎಣಿಸುತ್ತಿದ್ದಾರೆ. ನಾನು ನಿಂತಿರುವುದು ಅವರು ಮುಂದೆ ಎಣಿಸಬೇಕಾದ ಚೌಕದ ಮೇಲೆ. ಕ್ಷಮಿಸಿ ಎಂದರೆ, ಹುಲ್ಲಿಗೆ ಹೇಳಿ ಎನ್ನುತ್ತಾರೆ.

ಇವರು ಹುಲ್ಲುಗಾವಲಿನ ಸಸ್ಯ ಪರಿಸರ ವಿಜ್ಞಾನಿ. ಹುದ್ದೆಯ ಹೆಸರು ಉದ್ದವಾಯಿತು ಎಂದೋ ಏನೋ, ಸಂಶೋಧನಾ ಕೇಂದ್ರದ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರೂ ಕರೆಯುವುದು ‘ಹುಲ್ಲಿನ ಮೇಡಂ’ ಎಂದೇ. ಈ ಬಯಲಿನಲ್ಲಿ ಗೂಟ ಹೊಡೆದು ಗುರುತಿಸಿದ ಇನ್ನೂರ ನಲವತ್ತು ಚೌಕಗಳಿವೆ. ದಿನಕ್ಕೆ ಹನ್ನೆರಡರಂತೆ ಇಪ್ಪತ್ತು ದಿನ, ವರ್ಷಕ್ಕೆ ಎರಡು ಸಲ. ಹೀಗೆ ಹದಿನೆಂಟು ವರ್ಷ. ಬಿಸಿಲೇರಿದರೆ ಹುಲ್ಲಿನ ಎಲೆ ಸುರುಳಿ ಸುತ್ತಿಕೊಂಡು ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯದು. ಆದ್ದರಿಂದ ಹತ್ತು ಗಂಟೆಯೊಳಗೆ ಎಣಿಸಿ ಮುಗಿಸಬೇಕು.

ಮರ ಹಿಡಿ, ಮೇಲೆ ಬರುತ್ತೀಯ ಎಂದು ಇವರ ಗುರುಗಳು ಅಂದೇ ಹೇಳಿದ್ದರಂತೆ. ಕೇಳಲಿಲ್ಲ. ಮರದ ವಿಭಾಗದವರಿಗೆ ಜೀಪಿದೆ, ಇವರಿಗೆ ಸ್ವಂತ ಸ್ಕೂಟರ್. ಮನೆಯ ಊಟದ ಮೇಜಿನ ಮೇಲೆ ಪೇಪರುಗಳ ನಡುವೆ ಒತ್ತಿಟ್ಟ ಹುಲ್ಲು ಒಣಗುತ್ತಿರುತ್ತದೆ. ಮನೆಯವರು ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತೇ ಊಟ ಮುಗಿಸುತ್ತಾರೆ. ಗಣಿತದ ಮೇಷ್ಟ್ರಾದ ಪತಿ ಗೊಣಗುತ್ತಲೇ ರಾತ್ರಿ ಲೆಕ್ಕ ತಾಳೆ ನೋಡಿಕೊಡುತ್ತಾರೆ. ಅತ್ತೆಯದು ಮಾತ್ರ ಇಂದಿಗೂ ಒಂದೇ ಪ್ರಶ್ನೆ. “ಹುಲ್ಲು ಎಣಿಸೋಕೆ ಇಷ್ಟೆಲ್ಲ ಓದ್ಬೇಕಿತ್ತಾ?”

ಓದಿದ್ದಕ್ಕೇ ಎಡವಿದೆ ಎಂದು ಮೇಡಂ ನಗುತ್ತಾರೆ. ಕುರಿಗಳು ಬಯಲನ್ನು ಬೋಳು ಮಾಡುತ್ತವೆ ಎಂದು ಸಾಬೀತು ಮಾಡಲು ಹೊರಟು, ಮೊದಲ ವರ್ಷ ಮೂರನೇ ಒಂದು ಭಾಗಕ್ಕೆ ಬೇಲಿ ಹಾಕಿಸಿದರು. ಕುರಿಗಾಹಿ ಜಗಳಕ್ಕೇ ಬಂದಿದ್ದ. ಏಳು ವರ್ಷ ಕಳೆಯುವಷ್ಟರಲ್ಲಿ ಬೇಲಿಯೊಳಗೆ ಒಣಹುಲ್ಲು ಮೆದೆಯಂತೆ ಬಿದ್ದು, ಅದರಡಿ ಹೊಸ ಮೊಳಕೆಗಳು ಉಸಿರುಗಟ್ಟಿ ಸತ್ತವು. ವರ್ಷವಿಡೀ ಮೇಯ್ದ ಕಡೆ ವರ್ಷಗಟ್ಟಲೆ ಬಾಳುವ ಹುಲ್ಲು ಮಾಯವಾಗಿ ಒಂದೇ ಮಳೆಗಾಲದ ಹುಲ್ಲುಗಳಷ್ಟೇ ಉಳಿದವು. ಒಂದಷ್ಟು ತಿಂಗಳು ಮೇಯಿಸಿ, ಬೀಜ ಕಟ್ಟುವಾಗ ವಿರಾಮ ಕೊಟ್ಟ ಕಡೆ ಎಲ್ಲವೂ ಚೆನ್ನಾಗಿದ್ದವು.

“ಬೇಲಿ ಹಾಕಿದ್ದೂ ನಾನೇ, ಬೇಲಿ ತಪ್ಪು ಅಂತ ಬರೆದಿದ್ದೂ ನಾನೇ,” ಎನ್ನುತ್ತಾರೆ. “ಕುರಿ ಮೇಯದಿದ್ರೆ ಹುಲ್ಲು ಕೆಡುತ್ತೆ ಅಂತ ಆ ಕುರಿ ಕಾಯೋ ಅಣ್ಣ ಮೊದಲ ದಿನವೇ ಹೇಳಿದ್ದ. ನಂಗೆ ಅರ್ಥ ಆಗೋಕೆ ಏಳು ವರ್ಷ ಬೇಕಾಯ್ತು.”

ಇಂಥ ಬಯಲಿನ ಮೇಲೆ ಈಗ ಸುಣ್ಣದ ಪುಡಿಯ ಬಿಳಿ ಚುಕ್ಕೆಗಳಿವೆ. ಒಂದೊಂದು ಚುಕ್ಕೆಗೂ ಒಂದೊಂದು ಗುಂಡಿ, ಒಂದೊಂದು ಗುಂಡಿಗೂ ಒಂದೊಂದು ಸಸಿ. ಅರಣ್ಯ ಇಲಾಖೆಯ ಹಸಿರೀಕರಣವಂತೆ. ಆಗಲೇ ಹಸಿರಾಗಿರುವ ನೆಲವನ್ನು ಅಗೆದು ಹಸಿರು ಮಾಡುವ ಈ ಉತ್ಸಾಹಕ್ಕೆ ಏನು ಹೇಳಬೇಕೋ ನನಗಂತೂ ತಿಳಿಯದು. ಗುಂಡಿ ತೋಡಿದರೆ ಹದಿನೆಂಟು ವರ್ಷದ ದಾಖಲೆ ಅಲ್ಲಿಗೇ ಮುಗಿಯಿತು. ಮೇಡಂ ಹದಿನಾಲ್ಕು ಪತ್ರ ಬರೆದಿದ್ದಾರೆ. ಒಂದಕ್ಕೆ ಉತ್ತರ ಬಂದಿದೆ, ಗಿಡ ನೆಡುವ ಅಭಿಯಾನದಲ್ಲಿ ತಮಗಿರುವ ಆಸಕ್ತಿಗೆ ಧನ್ಯವಾದಗಳು ಎಂದು. ಅದನ್ನು ತೋರಿಸಿ, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕುತ್ತಾರೆ. ಸಿಟ್ಟಿನಲ್ಲಿ.

ಒಂಬತ್ತೂಕಾಲಿಗೆ ಇಲಾಖೆಯ ಜೀಪು ಬರುತ್ತದೆ. ಹಿಂದೆ ಸಸಿ ತುಂಬಿದ ಲಾರಿ, ಹಾರೆ ಗುದ್ದಲಿ ಹಿಡಿದ ಆರು ಜನ. ಇಳಿದ ಅಧಿಕಾರಿ ಕೆಟ್ಟವರಲ್ಲ, ಅವಸರದವರು. ಮೇಲಿನಿಂದ ಗುರಿ ಕೊಟ್ಟಿದ್ದಾರೆ, ಇವತ್ತೇ ನಾನೂರು ಗುಂಡಿ ಮುಗಿಸಬೇಕು ಎಂದು ಫೈಲು ತೆರೆದು ತೋರಿಸುತ್ತಾರೆ. ‘ಸದ್ಯದ ಸ್ಥಿತಿ’ ಎಂಬ ಅಂಕಣದಲ್ಲಿ ಬರೆದಿರುವುದು ‘ಖಾಲಿ ಜಾಗ’. ಮೇಡಂ ಅದನ್ನು ನೋಡುತ್ತಾರೆ. ಈಗ ಕೂಗಾಡುತ್ತಾರೆ ಎಂದುಕೊಂಡೆ. ಇಲ್ಲ. ಚೌಕಟ್ಟನ್ನು ಅಧಿಕಾರಿಯ ಕಾಲಬುಡದಲ್ಲಿಟ್ಟು, ಐದು ನಿಮಿಷ ಕೂತುಕೊಳ್ಳಿ ಎಂದಷ್ಟೇ ಕೇಳುತ್ತಾರೆ.

ಅವರು ಪ್ಯಾಂಟು ಎಳೆದುಕೊಂಡು ಕುಕ್ಕರಗಾಲಿನಲ್ಲಿ ಕೂತು ನೋಡುತ್ತಾರೆ. ಎಷ್ಟು ಬಗೆ ಕಾಣಿಸುತ್ತದೆ ಎಂದು ಮೇಡಂ ಕೇಳಿದರೆ, ಎರಡು ಎನ್ನುತ್ತಾರೆ. ಹಸಿರು ಒಂದು, ಒಣಗಿದ್ದು ಒಂದು. ನಾನು ನಗಲಿಲ್ಲ. ಬೆಳಿಗ್ಗೆ ನನಗೆ ಕಂಡದ್ದೂ ಅಷ್ಟೇ.

ಜೀಪಿನ ಸದ್ದಿಗೆ ಕುರಿಗಾಹಿಯೂ ಬಂದು ನಿಂತಿದ್ದಾನೆ. ಮೇಡಂ ಅವನತ್ತ ತಿರುಗಿ, ನಾನು ಹೇಳಿದರೆ ಇವರಿಗೆ ಹಿಡಿಸುವುದಿಲ್ಲ, ನೀನೇ ಹೇಳಣ್ಣ ಎನ್ನುತ್ತಾರೆ. ಅವನು ಕೋಲಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತಾನೆ.

“ಇದು ಕುರಿ ಮೊದಲು ಬಾಯಿ ಹಾಕೋದು ಸ್ವಾಮಿ. ಇದು ಮರಿ ಹಾಕಿದ್ಮೇಲೆ ಹುಡುಕ್ಕೊಂಡು ಹೋಗೋದು. ಇದನ್ನ ಮುಟ್ಟಲ್ಲ, ಆದ್ರೆ ಇದರ ಮರೇಲೇ ಆ ಎಳೇದು ಉಳ್ಕೊಳ್ಳೋದು. ಇದು ಮಳೆ ಕೈಕೊಟ್ಟ ವರ್ಷ ಕೊನೇಗೆ ಒಣಗೋದು. ಆ ವರ್ಷ ನಮ್ಮನ್ನ ಕಾಪಾಡೋದು ಇದೇ.”

ಹದಿನೇಳು ಆಗುವ ಹೊತ್ತಿಗೆ ಕೆಲಸದವರೂ ಗುದ್ದಲಿ ಇಳಿಸಿ ಸುತ್ತ ಬಂದು ಬಗ್ಗಿದ್ದಾರೆ. ಹುಲ್ಲುಕಡ್ಡಿಗೆ ಸಮ ಎಂದು ಮಾತಿಗೆ ಮುಂಚೆ ಬರೆಯುವ ಜಾತಿಯವನು ನಾನು. ನಾಚಿಕೆಯಾಯಿತು.

ಅಧಿಕಾರಿ ಎದ್ದು ಮಂಡಿ ಕೊಡವಿಕೊಂಡು, ಸಸಿಗಳನ್ನು ರಸ್ತೆ ಬದಿಗೆ ಹಾಕಿಸುತ್ತೇನೆ ಎನ್ನುತ್ತಾರೆ. “ಈ ವರ್ಷದ ಮಟ್ಟಿಗೆ ಮೇಡಂ. ಮುಂದಿನ ವರ್ಷ ಯಾರು ಬರ್ತಾರೋ ನಂಗೊತ್ತಿಲ್ಲ.” ಕಾರಣ ಬರೆಯಬೇಕಲ್ಲ, ಜೀಪಿನ ಬಾನೆಟ್ಟಿನ ಮೇಲೆ ಫೈಲಿಟ್ಟು ‘ಖಾಲಿ ಜಾಗ’ ಎಂಬುದನ್ನು ಹೊಡೆದುಹಾಕಿ, ಮೇಲೆ ಹೊಸದಾಗಿ ಬರೆದು ಮೇಡಂ ಕಡೆ ತಿರುಗಿಸುತ್ತಾರೆ.

‘ಹುಲ್ಲು ಮಾತ್ರ ಇದೆ.’

ಮೇಡಂ ಎರಡು ಸಲ ಓದುತ್ತಾರೆ. ಅಧಿಕಾರಿಯ ಕೈಯಿಂದ ಪೆನ್ನು ಇಸಿದುಕೊಂಡು, ನಡುವಿನ ಪದದ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ತಾರೀಖು ಹಾಕುತ್ತಾರೆ.

“‘ಮಾತ್ರ’ ಬೇಡ ಸರ್. ‘ಇದೆ’ ಅಂತಿದ್ರೆ ಸಾಕು.”