ಬಣ್ಣ ಕಾಣದ ಕ್ಯಾಮೆರಾ

ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವ ಶಾಂತವ್ವನವರ ಮನೆಗೆ ಎಂಟು ವರ್ಷದ ಮೇಲೆ ಬಂದಿದ್ದೇನೆ. ಹಿಂದೆ ಬಂದಾಗ ನನ್ನ ಕೈಯಲ್ಲಿ ರೀಲಿನ ಕ್ಯಾಮೆರಾ ಇತ್ತು, ಮಗ್ಗದಲ್ಲಿ ಅವರ ಯಜಮಾನರು ಕೂತಿದ್ದರು. ಆಗ ತೆಗೆದ ಕಪ್ಪುಬಿಳುಪು ಫೋಟೋವನ್ನು ತೊಳೆಸಿ, ತಿಂಗಳ ಮೇಲೆ ನಾನೇ ತಂದು ಕೊಟ್ಟಿದ್ದೆ. ಈಗ ಗೋಡೆಯ ಮೇಲೆ ಅದಕ್ಕೆ ಮಾಲೆ ಬಿದ್ದಿದೆ.

ರೀಲು ತೊಳೆಯುತ್ತಿದ್ದ ನಮ್ಮೂರಿನ ಅಂಗಡಿಯೂ ಮುಚ್ಚಿತು. ಕಪ್ಪುಬಿಳುಪಿನ ಹಂಬಲ ತಡೆಯದೆ, ಜೇಬಿಗೆ ಹಿಡಿಸುವ ಒಂದು ಡಿಜಿಟಲ್ ಕ್ಯಾಮೆರಾ ಹುಡುಕಿ ಕೊಂಡೆ. ಅದರ ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ. ಹಳೆಯ ರೀಲಿನ ಹಾಗೆ ಬೆಳಕು, ನೆರಳು ಅಷ್ಟೇ.

ಶಾಂತವ್ವ ಹಸಿರು ಒಡಲಿನ ಎಳೆಗಳಿಗೆ ಕೆಂಪು ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದರು. ಫೋಟೋ ತೆಗೆದು ಅಲ್ಲೇ ತೋರಿಸಿದೆ. ಹಸಿರೂ ಕೆಂಪೂ ಒಂದೇ ಬೂದು ಬಣ್ಣವಾಗಿದ್ದವು.

“ಅಯ್ಯ, ಒಡಲು ಯಾವುದು, ಸೆರಗು ಯಾವುದು ತಿಳೀವಲ್ದಲ್ರಿ!” ಎಂದು ನಕ್ಕರು. ಆಮೇಲೆ ಗೋಡೆಯ ಕಡೆ ನೋಡಿದರು. “ಅದರಾಗೂ ತಿಳಿಯಂಗಿಲ್ಲ. ಅವತ್ತ ಅವರು ನೇಯಾಕತ್ತಿದ್ದು ನೀಲಿ ಸೀರಿ. ನನಗ ಗೊತ್ತೈತಿ.”

“ಅವ್ವಾರ, ಇದನ್ನ ಈಗ ನಿಮ್ಮ ಮೊಬೈಲಿಗೆ ಕಳಸ್ತೀನಿ” ಎಂದೆ.

“ಬ್ಯಾಡ್ರಿ. ಆಗಿನಂಗ ಕಾಗದದ ಮ್ಯಾಲೆ ಮಾಡಿಸಿ ತರ್ರಿ. ನೀವು ಫೋಟೋ ತರೂತನಕ ನಮ್ಮವರು ದಿನಾ ನೀವು ಬರೂ ರೋಣದ ಬಸ್ಸಿನ ಹೊತ್ತಿಗೆ ಮಗ್ಗ ಬಿಟ್ಟೆದ್ದು ಬಾಗಲದಾಗ ನಿಂದರ್ತಿದ್ರು. ಇನ್ನ ನಾ ನಿಂದರ್ತೀನಿ.”