ತವರಿನ ಬಟ್ಟಲು

ಗಿರಿನಗರದಲ್ಲಿ ನನ್ನ ಟೈಲರಿಂಗ್ ಅಂಗಡಿಗೂ ಅಕ್ಕಸಾಲಿ ಶಾಮಣ್ಣನವರ ಅಂಗಡಿಗೂ ನಡುವೆ ಒಂದೇ ಗೋಡೆ. ಅವರ ಮಗಳು ಕಾಳಿಕಾ ಶಾಲೆಯಿಂದ ಬಂದವಳೇ ಊದುಗೊಳವೆ ಬಾಯಿಗಿಟ್ಟು, ದೀಪದ ಉರಿಯನ್ನು ತಾಮ್ರದ ತಂತಿಯ ಮೇಲೆ ಊದುತ್ತಾ ಕೂರುತ್ತಿದ್ದಳು. ಕೆನ್ನೆ ಬಲೂನಿನಂತೆ ಉಬ್ಬುತ್ತಿತ್ತು, ನಾನು ರೇಗಿಸುತ್ತಿದ್ದೆ. ಓಲೆ, ಮೂಗುತಿ ಎಲ್ಲ ಕಲಿತಳು. ತಾಳಿಯನ್ನು ಮಾತ್ರ ಶಾಮಣ್ಣ ಮುಟ್ಟಗೊಡಲಿಲ್ಲ. "ಅದು ಕೆಟ್ರೆ ಯಾರು ಜವಾಬ್ದಾರಿ?" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಜನ್ಮವಿಡೀ ತಾಳಿ ಕಟ್ಟಿಕೊಂಡಿರುವವರು ನಾವು ಹೆಂಗಸರು, ಮುಟ್ಟಬಾರದವರೂ ನಾವೇ.

ಎರಡು ಸಾವಿರದ ಮೂರರಲ್ಲಿ ಶಾಮಣ್ಣನವರ ಒಂದು ಕಣ್ಣಿನ ಪೊರೆ ತೆಗೆದರು, ಇನ್ನೊಂದೂ ಮಂಜಾಗಿತ್ತು. ಪಟ್ಟಿ ಕಟ್ಟಿಕೊಂಡು ಅಂಗಡಿಯಲ್ಲೇ ಒರಗಿದ್ದ ದಿನ ಬಿಟಿಎಂ ಬಡಾವಣೆಯಿಂದ ಉತ್ತರ ಕರ್ನಾಟಕದ ಕಡೆಯ ದುಂಡವ್ವ ಎಂಬಾಕೆ ಓಡೋಡಿ ಬಂದಳು. ಅವಳ ತಾಳಿಯ ಎರಡು ಪುಟ್ಟ ಚಿನ್ನದ ಬಟ್ಟಲುಗಳನ್ನು ಕೂಡಿಸುವ ಕೊಂಡಿ ಮುರಿದಿತ್ತು. ಕೊರಳು ಬರಿದಾಗಬಾರದೆಂದು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡಿದ್ದಳು. ಸಂಜೆ ಗಂಡ ಭೀಮಪ್ಪನಿಗೆ ಹೃದಯದ ಆಪರೇಷನ್.

"ಅವ್ರನ್ನ ಒಳಗ ಒಯ್ಯೂದ್ರಾಗ ಕೊಳ್ಳಾಗ ಹಾಕ್ಕೋಬೇಕ್ರಿ" ಎಂದು ಕೈಮುಗಿದಳು.

ಶಾಮಣ್ಣ ತಡಕಾಡಿ ಊದುಗೊಳವೆಯನ್ನು ಮಗಳ ಕಡೆ ಚಾಚಿ, "ಮಾಡು ಕಾಳಿ" ಎಂದರು. ನಾನು ಹೊಲಿಗೆ ಬಿಟ್ಟು ಬಾಗಿಲಲ್ಲಿ ನಿಂತೆ.

ನಮ್ಮ ಕಡೆಯ ತಾಳಿ ಗಟ್ಟಿ ತಗಡು. ದುಂಡವ್ವನ ಕಡೆಯ ಬಟ್ಟಲು ಟೊಳ್ಳು, ಒಳಗೆ ಅರಗು ತುಂಬಿರುತ್ತದೆ. ಅದನ್ನು ತೆಗೆಯದೆ ಉರಿಗೆ ಹಿಡಿಯಬಾರದು. ಕಾಳಿಕಾಗೆ ಗೊತ್ತಿರಲಿಲ್ಲ, ಶಾಮಣ್ಣನವರಿಗೆ ಕಾಣಲಿಲ್ಲ. ಊದಿದಳು.

"ನಿಲ್ಸು! ಅರಗಿನ ವಾಸ್ನೆ!" ಶಾಮಣ್ಣ ಕಿರುಚಿದರು.

ಅಷ್ಟರಲ್ಲಿ ಒಂದು ಬಟ್ಟಲು ಉಬ್ಬಿ ಸೀಳಿಹೋಗಿತ್ತು. ಬೆವೆತುಹೋದ ಕಾಳಿಕಾ ಅರಗು ತೆಗೆದು, ಸೀಳು ಬೆಸೆದು, ಕೊಂಡಿ ಕೂರಿಸಿದಳು. ಉಬ್ಬು ಮಾತ್ರ ಉಳಿಯಿತು.

"ತಪ್ಪಾಯ್ತು ಅಮ್ಮ, ಒಂದು ಬಟ್ಟಲು ಕೆಡ್ಸಿಬಿಟ್ಟೆ."

ದುಂಡವ್ವನ ಮುಖ ಬಿಳಿಚಿಕೊಂಡಿತು. "ಯಾವುದವಾ? ತವರಮನೀದೋ, ಗಂಡನ ಮನೀದೋ?"

ಎರಡೂ ಮನೆಯವರು ಒಂದೊಂದು ಕೊಡುವುದು ಅವರ ಪದ್ಧತಿ; ಗಂಡನ ಮನೆಯದು ಕೆಟ್ಟರೆ ಗಂಡನಿಗೆ ಕೇಡೆಂಬ ಭಯ. ಆದರೆ ಎರಡೂ ಒಂದೇ ಥರ. ಕೊಂಡಿ ಮುರಿದು ಎಡ-ಬಲ ತಪ್ಪಿದ ಮೇಲೆ ಅವಳಿಗೂ ಗುರುತು ಸಿಗಲಿಲ್ಲ. ಕಣ್ಣು ಮುಚ್ಚಿ, "ತವರಮನೀದಽ ಅನ್ಕೋತೀನಿ" ಎಂದು ಹಾಕಿಕೊಂಡು ಹೊರಟಳು.

ಆಮೇಲೆ ಸುದ್ದಿಯೇ ಇಲ್ಲ. ಕಾಳಿಕಾ ಊದುಗೊಳವೆ ಮುಟ್ಟಲಿಲ್ಲ. ಬಾಗಿಲಿಗೆ ಯಾರು ಬಂದರೂ ಬೆಚ್ಚುತ್ತಿದ್ದಳು.

ತಿಂಗಳಾದ ಮೇಲೆ ದುಂಡವ್ವ ಗಂಡನ ತೋಳು ಹಿಡಿದು ನಡೆಸಿಕೊಂಡು ಬಂದಳು. ಕಾಳಿಕಾ ಗಳಗಳ ಅತ್ತುಬಿಟ್ಟಳು. "ಕೊಡಿ ಅಮ್ಮ, ಆ ಬಟ್ಟಲು ಹೊಸದು ಮಾಡ್ಕೊಡ್ತೀನಿ."

ದುಂಡವ್ವ ತಾಳಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಬ್ಯಾಡವಾ. ಇವರಿಗೆ ಬರೂ ಪೆಟ್ಟು ನಮ್ಮವ್ವ ತಡಕೊಂಡಾಳ."